ಡಿಪೋದಲ್ಲಿ ಕಿರುಚಿದ ಯಂತ್ರ

ದಮನ್‌ಹೂರಿನ ಶೌಕಿ ಅಲೆಕ್ಸಾಂಡ್ರಿಯಕ್ಕೆ ಬಸ್ಸು ಓಡಿಸುತ್ತಿದ್ದ. ಹಜ್ ಮಾಡಿ ಬಂದವನು, ಬಲು ಸಾಧು; ಹಾರ್ನ್ ಹೊಡೆಯಲೂ ಅವನಿಗೆ ಸಂಕೋಚ. ಇದ್ದ ಚಟ ಒಂದೇ, ಬೆಳಗಿನ ತಿಂಡಿಗೆ ಫೂಲ್ ಎಂಬ ಬೇಯಿಸಿದ ಕಾಳಿನ ಜೊತೆ ಹಸಿ ಈರುಳ್ಳಿ ಕಚ್ಚುವುದು. ಮುಂದಿನ ಸೀಟಿನವರು ತಾವಾಗಿಯೇ ಎದ್ದು ಹಿಂದಕ್ಕೆ ಹೋಗುತ್ತಿದ್ದರು.

ಮಗಳ ನಿಶ್ಚಿತಾರ್ಥ ಹತ್ತಿರವಾದಾಗ ಹೆಂಡತಿ ಇನ್ಶಿರಾಹ್‌ಳ ಸಹನೆ ಮುಗಿಯಿತು. "ಬೀಗರ ಮುಂದೆ ಈ ಬಾಯಿ ತೆಗೆದ್ರೆ ಹುಡುಗ ಓಡಿಹೋಗ್ತಾನೆ ಕಣ್ರೀ. ಇವತ್ತಿಂದ್ಲೇ ಅಭ್ಯಾಸ ಮಾಡ್ಕೊಳ್ಳಿ!" ಎಂದು ಬಾಯಿ ಮುಕ್ಕಳಿಸುವ ಔಷಧಿಯ ಹಸಿರು ಬಾಟಲಿಯೊಂದನ್ನು ಅವನ ಜೇಬಿಗೆ ತುರುಕಿದಳು.

ಶೌಕಿ ಡಿಪೋದ ಬಾಗಿಲಲ್ಲಿ ನಿಂತು ಚೆನ್ನಾಗಿ ಮುಕ್ಕಳಿಸಿ ಉಗಿದ. ಹಾಗೇ ಒಳಗೆ ಹೋಗಿ, ಕುಡಿದ ಚಾಲಕರನ್ನು ಹಿಡಿಯುವ ಯಂತ್ರಕ್ಕೆ ಊದಿದ. ಯಂತ್ರ ಕಿರುಚಿಕೊಂಡಿತು.

"ಏನ್ ಹಾಜಿ, ಬೆಳಿಗ್ಗೆಬೆಳಿಗ್ಗೇನೇ?" ಎಂದ ಮೇಲ್ವಿಚಾರಕ ರಾಫತ್.

"ದೇವರಾಣೆ, ಮುಟ್ಟಿಲ್ಲ!"

"ಎಲ್ಲರೂ ಹಂಗೇ ಅನ್ನೋದು," ಎಂದು ಹಿಂದಿದ್ದ ಚಾಲಕನೊಬ್ಬ ನಕ್ಕ. "ನಮ್ಮನ್ನೂ ಕರೀಬಾರ್ದಿತ್ತಾ?"

ಶೌಕಿ ಗಾಬರಿಯಲ್ಲಿ ತೊದಲತೊಡಗಿದ. ತೊದಲುವುದನ್ನು ಕೇಳಿ ಎಲ್ಲರ ಅನುಮಾನ ಗಟ್ಟಿಯಾಯಿತು. ಅವನು ಅಳುದನಿಯಲ್ಲಿ ಮನೆಗೆ ಫೋನ್ ಮಾಡಿದ. ಇನ್ಶಿರಾಹ್ ಮನೆಯ ಚಪ್ಪಲಿಯಲ್ಲೇ ಓಡೋಡಿ ಬಂದಳು.

"ಇವರಿಗೆ ಕೆಮ್ಮಿನ ಸಿರಪ್ ಕುಡಿಯೋಕೂ ಧೈರ್ಯ ಇಲ್ಲ! ಎಲ್ಲಿ ಆ ಬಾಟಲಿ?" ಎಂದು ಗಂಡನ ಜೇಬಿಗೆ ಕೈಹಾಕಿ ತೆಗೆದಳು. ಎಲ್ಲರೆದುರೇ ಒಂದು ಗುಟುಕು ಮುಕ್ಕಳಿಸಿ ಉಗಿದು, ಯಂತ್ರಕ್ಕೆ ಊದಿದಳು. ಅದು ಇನ್ನೂ ಜೋರಾಗಿ ಕಿರುಚಿತು.

"ಹಾಕಿ ಸ್ವಾಮಿ, ನನ್ನನ್ನೂ ಜೈಲಿಗೆ ಹಾಕಿ!"

ರಾಫತ್ ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ತಲೆ ಕೆರೆದುಕೊಂಡ. ಔಷಧಿಯಲ್ಲೇ ಮದ್ಯಸಾರವಿತ್ತು. "ಇಬ್ಬರೂ ನೀರಲ್ಲಿ ಬಾಯಿ ತೊಳ್ಕೊಂಡು ಸ್ವಲ್ಪ ಹೊತ್ತು ಕೂತ್ಕೊಳ್ಳಿ, ತಾಯಿ," ಎಂದ.

ಗಂಡ ಹೆಂಡತಿ ಬೆಂಚಿನ ಮೇಲೆ ಮುಖ ತಿರುಗಿಸಿಕೊಂಡು ಕುಳಿತರು. ಒಂದು ಲೋಟ ಚಹಾ ತಣಿಯುವಷ್ಟು ಹೊತ್ತು ಕಳೆದ ಮೇಲೆ ಮತ್ತೆ ಊದಿದರು. ಯಂತ್ರದ ಮುಳ್ಳು ಅಲುಗಲಿಲ್ಲ. ರಾಫತ್ ಕ್ಷಮೆ ಕೇಳಿ ಬಸ್ಸಿನ ಕೀಲಿ ಕೊಟ್ಟ.

ಆದರೆ ಶೌಕಿ ಅಲೆಕ್ಸಾಂಡ್ರಿಯ ಮುಟ್ಟುವ ಮೊದಲೇ ಸುದ್ದಿ ಊರು ಸುತ್ತಿತ್ತು: ಹಾಜಿ ಶೌಕಿ ಹೆಂಡತಿಯ ಜೊತೆ ಕುಡಿದು ಸಿಕ್ಕಿಬಿದ್ದನಂತೆ! ಇನ್ಶಿರಾಹ್ ವಾರವಿಡೀ ಅಂಗಡಿ ಅಂಗಡಿಗೆ ಹೋಗಿ ಜಗಳ ಕಾದು ಬಂದಳು. ಶೌಕಿ ಮಾತ್ರ ಅಷ್ಟೇನೂ ಅಲ್ಲಗಳೆಯಲಿಲ್ಲ. ಸಂಜೆ ಕಾಫಿ ಅಂಗಡಿಯಲ್ಲಿ ಗಂಡಸರು ಅವನನ್ನು ಕಂಡು ದನಿ ತಗ್ಗಿಸಿ ಪಿಸುಗುಟ್ಟಿದರೆ, ಮೀಸೆ ತೀಡುತ್ತಾ ಕಾಲಮೇಲೆ ಕಾಲು ಹಾಕಿ ಕೂರುತ್ತಿದ್ದ.