ವಿಲ್ಮಾ ಮುಖದ ಮೇಲೊಂದು ಗೆರೆ

ಬಾಯಾ ಪಟ್ಟಣಕ್ಕೆ ಇನ್ನೂ ಬೆಳಕು ಹರಿದಿಲ್ಲ. ಡ್ಯಾನ್ಯೂಬ್ ಕಡೆಯಿಂದ ಬಂದ ನವೆಂಬರಿನ ಮಂಜು ಕಿಟಕಿಗೆ ಅಂಟಿಕೊಂಡಿದೆ. ಕೆರೆಕೆಶ್ ಅಂಬ್ರುಶ್ ಅಡುಗೆಮನೆಯ ಮೇಜಿಗೆ ಕೂತು ಸಾಣೆಕಲ್ಲಿನ ಮೇಲೆ ಚಾಕು ಮಸೆಯುತ್ತಿದ್ದಾರೆ. ಅದು ಆಗಲೇ ಸಾಕಷ್ಟು ಹರಿತವಾಗಿದೆ, ಆದರೂ ಮಸೆಯುತ್ತಾರೆ. ಎದುರಿಗೆ ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಮರದ ಅಚ್ಚು. ಅದರ ಮೇಲೆ ಅವರೇ ಕೆತ್ತಿದ ಹೆಂಡತಿ ವಿಲ್ಮಾ ಮುಖ. ವಿಲ್ಮಾ ತೀರಿಕೊಂಡದ್ದು ಕಳೆದ ಚಳಿಗಾಲದಲ್ಲಿ.

"ಇವತ್ತು ಮುಗಿಸಿಬಿಡ್ತೀನಿ," ಎನ್ನುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, "ನಿನ್ನೇನೂ ಹಿಂಗೇ ಅಂದಿದ್ದೆ," ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಾರೆ.

ಈ ದೇಶದಲ್ಲಿ ಕಥೆಪುಸ್ತಕ ಓದಿ ಬೆಳೆದ ಯಾರೇ ಆಗಲಿ, ಅಂಬ್ರುಶ್ ಕೈಕೆಲಸವನ್ನು ನೋಡಿಯೇ ಇರುತ್ತಾರೆ. ಕುದುರೆ ಏರಿದ ಹುಸಾರ್ ಸಿಪಾಯಿ, ಕೋಳಿಕಾಲಿನ ಮೇಲೆ ತಿರುಗುವ ಕೋಟೆ, ಗುಳ್ಳೆನರಿಯ ಮದುವೆ, ಎಲ್ಲವೂ ಪೇರ್‌ಹಣ್ಣಿನ ಮರದ ಹಲಗೆಯಲ್ಲಿ ಎಡಬಲ ತಿರುವುಮುರುವಾಗಿ ಕೆತ್ತಿ ತೆಗೆದವು. ಹೆಸರು ಮಾತ್ರ ಕೊನೆಯ ಪುಟದ ತಳದಲ್ಲಿ, ಮುದ್ರಣಾಲಯದ ವಿಳಾಸಕ್ಕಿಂತ ಸಣ್ಣ ಅಕ್ಷರದಲ್ಲಿ. ದೇಶದ ಆಡಳಿತವೇ ಬದಲಾದಾಗ ಸರ್ಕಾರಿ ಪ್ರಕಾಶನ ಸಂಸ್ಥೆ ಬಾಗಿಲು ಹಾಕಿತು. ಆಮೇಲೆ ಸಿಕ್ಕಿದ್ದು ಬ್ರಾಂದಿ ಬಾಟಲಿಯ ಲೇಬಲ್ಲು, ಸಾವಿನ ಸುದ್ದಿ ತಿಳಿಸುವ ಕಾರ್ಡು, ಪುಸ್ತಕ ಯಾರದೆಂದು ತಿಳಿಸಲು ಒಳರಟ್ಟಿಗೆ ಅಂಟಿಸುವ ಪುಟ್ಟ ಚಿತ್ರಗಳು. ಅಂಥ ಚಿತ್ರಗಳನ್ನು ಕೂಡಿಡುವ ಒಂದು ಸಂಗ್ರಾಹಕರ ಬಳಗವೇ ಈಗ ಅವರಿಗೆ ಆಸರೆ.

"ಅದ್ರಿಂದೆಲ್ಲಿ ಹೊಟ್ಟೆ ತುಂಬುತ್ತೆ?" ಎನ್ನುತ್ತಾರೆ ಅಂಬ್ರುಶ್. "ವಿಲ್ಮಾನೇ ಅಂಚೆ ಕಚೇರೀಲಿ ನಿಂತು ನಿಂತು ಕಾಲು ಊದಿಸ್ಕೊಂಡು ಮನೆ ನಡೆಸಿದ್ಲು. ನಾನು ಮರ ಕೆರೀತಾ ಕೂತಿದ್ದೆ."

ವಿಲ್ಮಾ ಹೋದ ಮೇಲೆ ಬಳಗದವರೇ ಅವರ ನೆನಪಿಗೊಂದು ಚಿತ್ರ ಬೇಕೆಂದರು. ಅಂಬ್ರುಶ್ ಎರಡು ವಾರ ಮನೆಯಿಂದ ಹೊರಗೆ ಬರದೆ ಕೆತ್ತಿದರು. ಎಂಬತ್ತು ಪ್ರತಿ ಎಂದು ಮಾತಾಗಿತ್ತು. ಮರದ ಚಮಚದ ಬೆನ್ನಿನಿಂದ ಕಾಗದ ಉಜ್ಜಿ ಉಜ್ಜಿ ಎಂಬತ್ತನ್ನೂ ತೆಗೆದರು. ಅದರಲ್ಲಿ ತಮಗೆಂದು ಇಟ್ಟುಕೊಂಡ ಒಂದನ್ನೂ ವಿಲ್ಮಾ ತಂಗಿ ಬಂದು ಅತ್ತಾಗ ಕೊಟ್ಟುಬಿಟ್ಟರು.

ಈ ಕಸುಬಿನಲ್ಲೊಂದು ಕಟ್ಟಳೆಯಿದೆ. ಹೇಳಿದಷ್ಟು ಪ್ರತಿ ತೆಗೆದ ಮೇಲೆ ಕೆತ್ತಿದವನೇ ಅಚ್ಚಿನ ಮೇಲೆ ಅಡ್ಡಲಾಗಿ ಆಳವಾದ ಗೆರೆ ಎಳೆದು ಅದನ್ನು ಕೆಡಿಸಬೇಕು. ಕೆಟ್ಟ ಅಚ್ಚಿನಿಂದ ಒಂದು ಪ್ರತಿ ತೆಗೆದು ಬಳಗಕ್ಕೆ ಕಳಿಸಬೇಕು. ಇನ್ನು ಇದರಿಂದ ಚಿತ್ರ ಹೊರಡದು ಎಂಬುದಕ್ಕೆ ಅದೇ ಸಾಕ್ಷಿ. ಚಳಿಗಾಲ ಕಳೆದು ಮತ್ತೆ ಚಳಿ ಶುರುವಾದರೂ ವಿಲ್ಮಾ ಅಚ್ಚಿನ ಮೇಲೆ ಗೆರೆ ಬಿದ್ದಿಲ್ಲ.

ಬೆಳಕು ಹರಿದ ಮೇಲೆ ಫೋನು ಬಡಿದುಕೊಳ್ಳುತ್ತದೆ. ಬಳಗದ ಕಾರ್ಯದರ್ಶಿ ಗೆಲೆನ್ಚೇರ್. ಹಿರಿಯರನ್ನು ಗೌರವದಿಂದ 'ಬಾಚಿ' ಎನ್ನುವುದು ಇಲ್ಲಿನ ರೂಢಿ.

"ಅಂಬ್ರುಶ್ ಬಾಚಿ, ಆ ಗೆರೆ ಎಳೆದ ಪ್ರತಿ..."

"ಕಳಿಸ್ತೀನಪ್ಪ, ನಾನಿನ್ನೂ ಸತ್ತಿಲ್ಲ."

"ಬಿಡ್ತು ಅನ್ನಿ! ನನಗೇನಿಲ್ಲ. ಬುಡಾಪೆಸ್ಟಿನ ಸದಸ್ಯರು ಒಂಥರಾ ಮಾತಾಡ್ತಿದಾರೆ. ಮುದುಕ ಒಳಗೊಳಗೇ ಅಚ್ಚು ಹಾಕಿ ಮಾರ್ತಿದಾನೆ ಅಂತ."

ಅಂಬ್ರುಶ್ ಫೋನು ಇಡುತ್ತಾರೆ. ಮುಖ ಕಪ್ಪಿಟ್ಟಿದೆ. ಎಂಬತ್ತು ಪ್ರತಿ ಮುಗಿದ ಮೇಲೆ, ಇಷ್ಟು ದಿನ ಅಚ್ಚು ಕೈಯಲ್ಲೇ ಇದ್ದರೂ ಅದಕ್ಕೆ ಒಮ್ಮೆಯೂ ಮಸಿ ತಾಗಿಸಿಲ್ಲ. ಟವೆಲು ಬಿಚ್ಚಿ, ಬೆರಳಿನಿಂದ ಸವರಿ, ಮತ್ತೆ ಸುತ್ತಿಡುತ್ತಾರೆ, ಅಷ್ಟೆ.

ಮಧ್ಯಾಹ್ನ, ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕಿರುವ ಮಗಳು ಎಮೆಶೆ ಮೀನಿನ ಸೂಪು ಹಿಡಿದು ಬರುತ್ತಾಳೆ. ತಂದೆಯ ಕೈಯಲ್ಲಿ ಚಾಕು ನೋಡಿ ಪಾತ್ರೆ ಕೆಳಗಿಡುತ್ತಾಳೆ.

"ಅಪ್ಪ, ಮೊದ್ಲು ಒಂದೇ ಒಂದು ತೆಗೆದಿಟ್ಕೋ. ಯಾರ್ ನೋಡ್ತಾರೆ? ಫೋಟೋದಲ್ಲೆಲ್ಲ ಅಮ್ಮ ಕಣ್ಣು ಮುಚ್ಕೊಂಡೇ ಇದಾಳೆ."

"ಎಂಬತ್ತು ಅಂತ ಬರ್ಕೊಟ್ಟಿದೀನಿ ಕಣೇ. ಎಂಬತ್ತೊಂದನೇದು ಗೋಡೆ ಮೇಲಿದ್ರೆ ನಿಮ್ಮಮ್ಮನ್ನ ಸುಳ್ಳಿಗೆ ನೇತಾಕ್ದಂಗೆ."

"ಹಾಗಾದ್ರೆ ಮೂಲೇಲಿ ಗೀರು. ಅಂಚಿಗೆ, ಆ ತಲೆವಸ್ತ್ರದ ಹತ್ರ."

"ಮೂಲೇಲಿ ಗೀರಿದ್ರೆ ಮೂಲೆ ಕತ್ತರಿಸಿ ಮತ್ತೆ ಅಚ್ಚು ಹಾಕ್ಬೋದು." ಅವರ ದನಿ ಇಳಿಯುತ್ತದೆ. "ಮುಂಚೆ ನೆನಪಿಗೆ ಅಂತ ಕೆತ್ತಿದ ಮೇಷ್ಟ್ರ ಹೆಂಡತಿ, ಡಾಕ್ಟ್ರ ತಾಯಿ, ಆ ಸತ್ತ ಮಗು... ಎಲ್ಲರ ಮುಖದ ಮೇಲೂ ಶಿಳ್ಳೆ ಹಾಕ್ಕೊಂಡು ಗೆರೆ ಎಳೆದೆ. ನನ್ನ ಹೆಂಡತೀದು ಮಾತ್ರ ಮುಖಾನಾ?"

ಅಂಬ್ರುಶ್ ಟವೆಲು ಬಿಚ್ಚುತ್ತಾರೆ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಅಚ್ಚನ್ನಿಟ್ಟು ಎಡಗೈಯಿಂದ ಒತ್ತಿ ಹಿಡಿಯುತ್ತಾರೆ. ಚಾಕು ಹಣೆಯಿಂದ ಇಳಿದು, ಕಣ್ಣಿನ ಪಕ್ಕದಿಂದ ಹಾದು ಗಲ್ಲದವರೆಗೆ ಹೋಗುತ್ತದೆ. ಮರದ ಸಿಪ್ಪೆ ಸುರುಳಿಯಾಗಿ ಮೇಲೇಳುತ್ತದೆ. ಊದಿ ತೆಗೆದು, ಮಸಿ ಬಳಿದು, ಕಾಗದವಿಟ್ಟು ಉಜ್ಜುತ್ತಾರೆ. ಕಾಗದ ಮೇಲೆತ್ತಿದಾಗ ವಿಲ್ಮಾ ನಗುತ್ತಿದ್ದಾರೆ, ಮುಖದ ಉದ್ದಕ್ಕೂ ಬಿಳಿಯ ಗೆರೆ.

ಎಮೆಶೆ ಗೋಡೆಯ ಕಡೆ ತಿರುಗಿ ಅಳುತ್ತಾಳೆ. ಅಂಬ್ರುಶ್ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾರೆ.

"ಇಲ್ನೋಡು ಮಗಳೇ," ಎನ್ನುತ್ತಾರೆ. "ಗೆರೆ ನೆಟ್ಟಗೆ ಬಂದಿದೆ. ಕೈ ನಡುಗ್ಲಿಲ್ಲ."