ಹೊಸ್ತಿಲು ಸಿಗದ ಪಳ್ಳಿ

ಮುಳಿಹುಲ್ಲು ಬಿಸಿಲಿಗೆ ಒಣಗುವಾಗ ಒಂದು ವಾಸನೆ ಬರುತ್ತದೆ. ಹೂವಿನದ್ದಲ್ಲ, ಧಾನ್ಯದ್ದಲ್ಲ, ಕಾದ ಕಲ್ಲಿಗೆ ನೀರು ಚೆಲ್ಲಿ ಮೇಲೊಂದಿಷ್ಟು ಬೆಲ್ಲದ ಹುಡಿ ಉದುರಿಸಿದ ಹಾಗೆ. ಮೊನ್ನೆ ನರಿಕೊಂಬಿನ ನಮ್ಮ ಮನೆಯ ಹಿಂದೆ ಯಾರೋ ಹುಲ್ಲು ಕೊಯ್ದು ಹರವಿದ್ದರು. ಬಟ್ಟೆ ಒಣಹಾಕಲು ಹೋದವಳು ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟೆ. ಲಾಯಿಲದ ನನ್ನ ತವರುಮನೆಯ ಜಗಲಿ ಕಣ್ಣೆದುರು ಬಂದಿತ್ತು: ಮೂಲೆಯಲ್ಲಿ ಮುರಿದ ಕೊಡೆಗಳ ರಾಶಿ, ಅದರ ಪಕ್ಕ ಹಲ್ಲಿನಲ್ಲಿ ಕೊಡೆಕಡ್ಡಿ ಕಚ್ಚಿಕೊಂಡು ಕುಳಿತ ಅಜ್ಜ, ಒಳಗಿನಿಂದ ಅಜ್ಜಿ ಅಕ್ಕಿಯ ಒರೊಟ್ಟಿ ತಟ್ಟುವ ಸದ್ದು. ಆ ಮನೆ ಈಗ ಇಲ್ಲ. ಅದರ ಮೇಲೆ ರಸ್ತೆ ಹೋಗಿದೆ. ಬಸ್ಸಿನಲ್ಲಿ ಕುಳಿತು, ಟಿಕೆಟಿಗೆ ಕೈ ಚಾಚಿಕೊಂಡು, ನಾನು ನಮ್ಮ ಅಡಿಗೆಮನೆಯನ್ನು ದಾಟಿ ಹೋಗುತ್ತೇನೆ.

ಅಜ್ಜನದ್ದು ಕೊಡೆ ರಿಪೇರಿಯ ಕೆಲಸ. ಮಳೆಗಾಲ ಪೂರ್ತಿ ತಲೆ ಎತ್ತಲು ಪುರುಸೊತ್ತಿಲ್ಲ. ಮಳೆ ನಿಂತು, ಊರಿನ ಮೇಲೆ ಕರಿ ಬಂಡೆಯಾಗಿ ನಿಂತ ಕೋಟೆಗುಡ್ಡ ಮೋಡದಿಂದ ಹೊರಬಂದ ಕೂಡಲೇ ಕತ್ತಿಯನ್ನೂ ಗುಡಿಸುವ ಹಿಡಿಸೂಡಿಯನ್ನೂ ಕಟ್ಟಿಕೊಂಡು ಹೊರಡುತ್ತಿದ್ದರು. ಕೋಟೆಯ ನೆತ್ತಿಯಲ್ಲಿ ಒಂದು ಹಾಳುಬಿದ್ದ ಪಳ್ಳಿ ಇತ್ತು. ಮಸೀದಿಗೆ ನಮ್ಮ ಕಡೆ ಹಾಗೇ ಹೇಳುವುದು. ಮೇಲಿನ ಮಾಡು ಎಂದೋ ಕುಸಿದು ಹೋಗಿತ್ತು. ಸೊಂಟದೆತ್ತರದ ಗೋಡೆ, ಪಶ್ಚಿಮಕ್ಕೆ ಕಮಾನಿನ ಗೂಡು, ಪೂರ್ವಕ್ಕೆ ಸವೆದು ನುಣುಪಾದ ಹೊಸ್ತಿಲ ಕಲ್ಲು. ವರ್ಷಕ್ಕೊಮ್ಮೆ ಹುಲ್ಲು ಸವರಿ ಅದನ್ನು ಗುಡಿಸಿ ಬರುವ ಕೆಲಸವನ್ನು ಅಜ್ಜನಿಗೆ ಯಾರೂ ವಹಿಸಿರಲಿಲ್ಲ. ಅವರ ಅಪ್ಪ ಮಾಡುತ್ತಿದ್ದರು, ಇವರೂ ಮಾಡಿದರು, ಅಷ್ಟೇ. ಜೊತೆಗೆ ನಾನು, ಮತ್ತೆ ನೆರೆಮನೆಯ ಜೈನರ ಹುಡುಗ ಪದ್ಮಣ್ಣ. ಹೊಸ್ತಿಲ ಹತ್ತಿರ ಬಂದರೆ ಸಾಕು, "ಮೋಳೇ, ಚಪ್ಪಲಿ!" ಎಂದು ಅಜ್ಜನ ಕೂಗು. ಮಗಳೇ ಎನ್ನುವುದಕ್ಕೆ ನಮ್ಮ ಮನೆಮಾತು ಅದು. ಒಳಗೆ ನೆಲಹಾಸಿಲ್ಲ, ಮೇಲೆ ಆಕಾಶ, ಆದರೂ ಚಪ್ಪಲಿ ಹೊರಗೇ ಬಿಡಬೇಕು, ಬಲಗಾಲು ಮೊದಲು ಇಡಬೇಕು.

"ಇಲ್ಲಿ ನಮಾಜಿಗೆ ಯಾರೂ ಬರುವುದಿಲ್ಲವಲ್ಲ ಅಜ್ಜ, ಯಾರಿಗೆ ಗುಡಿಸುವುದು?" ಎಂದು ಒಮ್ಮೆ ಕೇಳಿದ್ದೆ. "ಗುಡಿಸದಿದ್ದರೆ ಇದು ಪಳ್ಳಿ ಅಂತ ಗೊತ್ತಾಗುವುದು ಹೇಗೆ?" ಎಂದು ಬಗ್ಗಿದ ಬೆನ್ನು ನೆಟ್ಟಗೆ ಮಾಡದೆಯೇ ಹೇಳಿದ್ದರು. ಕೊಯ್ದ ಹುಲ್ಲನ್ನು ಅಲ್ಲೇ ಎಸೆಯುವ ಹಾಗಿರಲಿಲ್ಲ. ಹೊರೆ ಕಟ್ಟಿ ಮನೆಗೆ ತಂದು, ಯಾರೂ ತುಳಿಯದ ಕಡೆ ಒಣಗಿಸಿ, ಅಜ್ಜಿಯ ಆಡಿಗೆ ಹಾಕುವುದು. ಆ ಆಡು ಮಹಾ ತುಂಟ. "ಪಳ್ಳಿಯ ಹುಲ್ಲು ತಿಂದಾಯ್ತಲ್ಲ, ಇನ್ನು ಇದಕ್ಕೆ ನನ್ನ ಬೈಗುಳ ಎಲ್ಲಿ ನಾಟ್ತದೆ!" ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದರು. ಮನೆಯಿಡೀ ವಾರಗಟ್ಟಲೆ ಅದೇ ವಾಸನೆ. ತಲೆದಿಂಬಿನಲ್ಲೂ, ತಟ್ಟೆಯ ಒರೊಟ್ಟಿಯಲ್ಲೂ. ಅಜ್ಜ ಹೋದ ಮೇಲೆ ಯಾರೂ ಹತ್ತಲಿಲ್ಲ. ಗಲ್ಫಿಗೆ ಹೋದವರು ಹೋದರು, ಮದುವೆಯಾಗಿ ಹೋದವಳು ನಾನು.

ಬಟ್ಟೆ ಹಗ್ಗದ ಹತ್ತಿರ ನಿಂತ ಆ ದಿನವೇ ಪದ್ಮಣ್ಣನಿಗೆ ಫೋನು ಮಾಡಿದೆ. ಅವನೀಗ ನಾರಾವಿಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾನೆ. "ನಾವಿಬ್ಬರೂ ಒಮ್ಮೆ ಪಳ್ಳಿಗೆ ಹೋಗಿ ಗುಡಿಸಿ ಬರುವನಾ?" ಎಂದೆ. "ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ನನ್ನ ಮೊಣಗಂಟು ಬಸ್ಸೇ ಹತ್ತುವುದಿಲ್ಲ," ಎಂದವನು ಆದಿತ್ಯವಾರ ಬೆಳಿಗ್ಗೆ ಕತ್ತಿಯನ್ನು ಪೇಪರಿನಲ್ಲಿ ಸುತ್ತಿಕೊಂಡು ನನಗಿಂತ ಮೊದಲೇ ಗುಡ್ಡದ ಬುಡದಲ್ಲಿ ನಿಂತಿದ್ದ. ಅಲ್ಲೀಗ ಅರಣ್ಯ ಇಲಾಖೆಯ ಗೇಟು. ಗೇಟಿನವರು ಕತ್ತಿಯನ್ನೂ ನನ್ನ ಹಿಡಿಸೂಡಿಯನ್ನೂ ತೆಗೆದಿಟ್ಟುಕೊಂಡರು. "ಮೇಲೆ ಒಂದು ಹುಲ್ಲು ಕೂಡ ಕೀಳುವ ಹಾಗಿಲ್ಲಮ್ಮ. ನೋಡಿ ಬನ್ನಿ, ಅಷ್ಟೇ."

ಬಂಡೆಯಲ್ಲಿ ಕಡಿದ ಮೆಟ್ಟಿಲು ಹತ್ತಿ, ಕೂತು, ಮತ್ತೆ ಹತ್ತಿ, ನೆತ್ತಿ ಮುಟ್ಟಿದೆವು. ಎದೆಯೆತ್ತರಕ್ಕೆ ಹುಲ್ಲು. ನಡುನಡುವೆ ಕಲ್ಲಿನ ಗುಪ್ಪೆಗಳು, ಒಂದರ ಹಾಗೆ ಇನ್ನೊಂದು. ಗೋಡೆ ಇಲ್ಲ, ಕಮಾನಿಲ್ಲ.

"ಪಳ್ಳಿ ಇದೇ, ಪದ್ಮಣ್ಣ," ಎಂದೆ.

"ಇದು ಸಿಪಾಯಿಗಳ ಅಡಿಗೆಕೋಣೆ. ನಿನ್ನ ಅಜ್ಜ ಇಲ್ಲಿ ಕೂರಿಸಿಯೇ ನಮಗೆ ಅವಲಕ್ಕಿ ಕೊಡ್ತಿದ್ದದ್ದು."

"ನಿನಗೆ ಅವಲಕ್ಕಿ ಮಾತ್ರ ನೆನಪು!"

"ಹಾಗಾದ್ರೆ ಹೊಸ್ತಿಲು ಎಲ್ಲಿ, ತೋರಿಸು ನೋಡುವ."

ತೋರಿಸಲಾಗಲಿಲ್ಲ. ಅಲ್ಲಿರಬಹುದು, ಇಲ್ಲಿರಬಹುದು. ಆಗ ಪದ್ಮಣ್ಣನ ದನಿ ಇಳಿಯಿತು. "ಅಲ್ಲ ಮಾರಾಯ್ತಿ, ನಾವೀಗ ನಿಂತದ್ದು ಒಳಗೋ, ಹೊರಗೋ?"

ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದೆವು. ಅವನ ಕಾಲಲ್ಲಿ ಶೂ, ನನ್ನ ಕಾಲಲ್ಲಿ ಚಪ್ಪಲಿ. ಅಜ್ಜ ಅಷ್ಟು ವರ್ಷ ಕಾದ ಜಾಗವನ್ನು ನಾವೇ ತುಳಿದುಬಿಟ್ಟಿದ್ದೆವೋ ಏನೋ. ಪದ್ಮಣ್ಣ ನನ್ನ ಭುಜ ಹಿಡಿದು ಮೊಣಗಂಟು ಮಡಚಿ ಶೂ ಬಿಚ್ಚಿದ. "ನಮ್ಮ ಬಸದಿಗೆ ಬಾಗಿಲಾದರೂ ಉಂಟು. ನಿನ್ನ ಅಜ್ಜ ಬಾಗಿಲಿಲ್ಲದಲ್ಲಿಗೆ ತಂದು ಹಾಕಿದರಲ್ಲ," ಎಂದು ಗೊಣಗಿದ. ನಗುತ್ತಿದ್ದನೋ ಅಳುತ್ತಿದ್ದನೋ, ನಾನು ಮುಖ ನೋಡಲಿಲ್ಲ. ಎರಡೂ ಜೋಡಿಯನ್ನು ಮೆಟ್ಟಿಲ ತಲೆಯಲ್ಲೇ ಬಿಟ್ಟೆವು. ಎಲ್ಲಿ ಪಳ್ಳಿಯೆಂದು ತಿಳಿಯದವರಿಗೆ ಇಡೀ ಗುಡ್ಡವೇ ಪಳ್ಳಿಯಾಗಬೇಕಾಯಿತು. ಕಾದ ಬಂಡೆಯ ಮೇಲೆ, ಚುಚ್ಚುವ ಹುಲ್ಲಿನೊಳಗೆ, ಆ ನುಣುಪು ಕಲ್ಲನ್ನು ಅಂಗಾಲಿನಿಂದ ತಡವುತ್ತಾ ಮಧ್ಯಾಹ್ನದವರೆಗೆ ನಡೆದೆವು. ಸಿಗಲಿಲ್ಲ.

ಸಂಜೆ ಮನೆಗೆ ಬಂದಾಗ ಅಂಗಾಲು ಕೆಂಪಾಗಿ ಉರಿಯುತ್ತಿತ್ತು. ಸೊಸೆ ತೆಂಗಿನೆಣ್ಣೆ ತಂದಳು. ಎಣ್ಣೆ ಬೇಡ, ಉರಿ ಇರಲಿ ಬಿಡು ಎಂದೆ. ಕೆಲವು ದಿನ ಏಳುವಾಗಲೆಲ್ಲ ನೆಲ ತಾಗಿ ಚುರುಗುಟ್ಟುತ್ತಿತ್ತು. ಆಮೇಲೊಂದು ಬೆಳಿಗ್ಗೆ ಕಾಲೂರಿದಾಗ ಏನೂ ಅನಿಸಲಿಲ್ಲ. ಮಂಚದ ಅಂಚಿನಲ್ಲೇ ಸುಮಾರು ಹೊತ್ತು ಕುಳಿತಿದ್ದೆ, ಏಳಲು ಮನಸ್ಸಾಗದೆ.