ಭಾನುವಾರ ಮಗಳು ಬಸ್ಸಿಳಿಯಲಿಲ್ಲ

ನಾವು ಗಂಡ ಹೆಂಡತಿ ಬೇರೆಯಾಗಿ ವರ್ಷ ದಾಟಿತ್ತು. ಹಾಸನದ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟಿತ್ತು. ಎರಡನೇ ಕ್ಲಾಸಿನ ಮಗಳು ಹೊಳೆನರಸೀಪುರದಲ್ಲಿ ನನ್ನ ಜೊತೆ ಇರಬೇಕು, ಅವಳ ಖರ್ಚಿಗೆ ಅಪ್ಪ ತಿಂಗಳು ತಿಂಗಳು ಹಣ ಕಟ್ಟಬೇಕು. ಭಾನುವಾರ ಅವರು ಮಗಳನ್ನು ಚನ್ನರಾಯಪಟ್ಟಣದ ತಮ್ಮ ಮನೆಗೆ ಕರೆದೊಯ್ಯಬಹುದು, ಆದರೆ ಸಂಜೆಯೊಳಗೆ ತಂದುಬಿಡಬೇಕು.

ಆ ಭಾನುವಾರ ಸಂಜೆ ಚನ್ನರಾಯಪಟ್ಟಣದ ಕಡೆಯಿಂದ ಬಂದ ಬಸ್ಸುಗಳು ಒಂದೊಂದಾಗಿ ಖಾಲಿಯಾದವು. ಮಗಳು ಇಳಿಯಲಿಲ್ಲ. ಅವರ ಫೋನ್ ಸ್ವಿಚ್ ಆಫ್. ವಿಷಯ ಕೇಳಿ ನನ್ನ ತಮ್ಮ ಬೈಕಿನಲ್ಲಿ ಬಂದ.

"ದುಡ್ಡೂ ಕಟ್ಟಿಲ್ಲ, ಈಗ ಮಗೀನೂ ಇಟ್ಕಂಡವ್ನೆ. ನಡಿಯಕ್ಕ, ನಾಕು ಜನ ಓಗಿ ಎತ್ಕಂಡು ಬಂದ್ಬುಡಾನ."

ನನಗೂ ಅದೇ ಸರಿ ಅನ್ನಿಸಿತು. ಆದರೂ ಹಾಸನದ ನಮ್ಮ ವಕೀಲೆಗೆ ಫೋನ್ ಮಾಡಿದೆ.

"ತಮ್ಮನ್ನ ಅಲ್ಲೇ ಬಿಡಿ," ಅಂದರು ಅವರು. "ಕಿತ್ಕೊಂಡು ಬಂದ್ರೆ ನಾಳೆ ನಿಮ್ಮ ಮೇಲೇ ದೂರು ಬೀಳುತ್ತೆ. ಚನ್ನರಾಯಪಟ್ಟಣದ ಪೊಲೀಸ್ ಸ್ಟೇಷನ್‌ಗೆ ನೀವೇ ಹೋಗಿ ಆದೇಶದ ನಕಲು ತೋರ್ಸಿ. ಹಣದ ಮಾತು ಎತ್ತಲೇಬೇಡಿ. ಬಾಕಿಗೆ ಬೇರೆ ಅರ್ಜಿ ಹಾಕೋಣ. ಅವರು ದುಡ್ಡು ಕೊಡ್ಲಿಲ್ಲ ಅಂತ ನೀವು ಮಗು ತೋರಿಸದೆ ಇರೋ ಹಾಗಿಲ್ಲ, ದುಡ್ಡು ಕೊಟ್ಟೆ ಅಂತ ಅವರು ಇಟ್ಕೊಳ್ಳೋ ಹಾಗೂ ಇಲ್ಲ."

ಮುಂದಿನ ಬಸ್ಸು ಹತ್ತಿದೆ. ಮಗಳನ್ನು ಬೇರೆ ಊರಿಗೆ ಸಾಗಿಸಿಬಿಟ್ಟಿದ್ದರೆ ಎಂಬ ಭಯದಲ್ಲಿ, ಅವರ ಮೇಲಿನ ಸಿಟ್ಟಿನಲ್ಲಿ ದಾರಿಯುದ್ದಕ್ಕೂ ಮುಂದಿನ ಸೀಟಿನ ಕಂಬಿ ಹಿಡಿದೇ ಕೂತಿದ್ದೆ.

ಸ್ಟೇಷನ್ನಿನಿಂದ ಒಬ್ಬ ಮಹಿಳಾ ಪೇದೆ ನನ್ನ ಜೊತೆ ಬಂದರು. ಬಾಗಿಲು ತೆರೆದೇ ಇತ್ತು. ಮಗಳು ಹೊಸ ಸ್ಕೂಲ್ ಯೂನಿಫಾರ್ಮಿನಲ್ಲಿ ನಡುಮನೆಯಲ್ಲಿ ನಿಂತಿದ್ದಳು. ಅಂಗಡಿಯ ಚೀಟಿ ಕಾಲರಿನಲ್ಲಿ ಇನ್ನೂ ನೇತಾಡುತ್ತಿತ್ತು. ಅತ್ತೆ ಅಡ್ಡ ಬಂದರು.

"ಇಲ್ಲೇ ಇಸ್ಕೂಲ್ಗೆ ಸೇರುಸ್ತೀವಿ ಕಣವ್ವ. ಅಪ್ಪ ಇದ್ದೂ ಇಲ್ದಂಗೆ ಬೆಳಿಬೇಕಾ ಕೂಸು?"

ಅವರ ಹಿಂದೆ ನಿಂತಿದ್ದ ಮಗಳ ಅಪ್ಪ ಪೇದೆಯ ಕಡೆ ತಿರುಗಿದರು. "ಮಗು ನಂದೂ ಅಲ್ವಾ ಮೇಡಂ?"

"ಅಲ್ಲ ಅಂತ ಯಾರಂದ್ರು ಸಾ? ಜಾಸ್ತಿ ದಿನ ಬೇಕಿದ್ರೆ ಕೋರ್ಟಲ್ಲಿ ಕೇಳಿ. ಇವತ್ತು ಕಳ್ಸಿ."

ಮಗಳು ನಮ್ಮಿಬ್ಬರ ಮುಖವನ್ನೂ ನೋಡಿ, "ಇದನ್ನ ಬಿಚ್ಚಬೇಕಾ?" ಅಂದಳು.

ಅಪ್ಪ ಮಂಡಿಯೂರಿ ಕೂತು ಅವಳ ಟೈ ಬಿಚ್ಚತೊಡಗಿದರು. ಗಂಟು ಸಿಗದೆ ಬೆರಳುಗಳು ಮತ್ತೆ ಮತ್ತೆ ಜಾರುತ್ತಿದ್ದವು. ದಾರಿಯುದ್ದಕ್ಕೂ ಆ ಮನುಷ್ಯನ ಮೇಲೆ ಕುದಿಯುತ್ತ ಬಂದಿದ್ದವಳು ಆ ಬೆರಳುಗಳನ್ನು ನೋಡಲಾಗದೆ ಗೋಡೆಯ ಕಡೆ ತಿರುಗಿದೆ.

ಬಸ್ಸಿನಲ್ಲಿ ಮಗಳು ಕೇಳಿದಳು, "ಪೊಲೀಸ್ ಆಂಟಿ ಅಪ್ಪನ್ನ ಹಿಡ್ಕೊಂಡು ಹೋಗ್ತಾರಾ?"

"ಇಲ್ಲ ಕಣಮ್ಮ."

ವಕೀಲೆ ಎರಡು ಅರ್ಜಿ ಹಾಕಿದರು, ಬಾಕಿಗೊಂದು, ಆದೇಶ ಮುರಿದದ್ದಕ್ಕೊಂದು. ಭೇಟಿಯನ್ನೇ ನಿಲ್ಲಿಸಿಬಿಡಿ ಎಂದು ನಾನು ಹಟ ಹಿಡಿದಿದ್ದೆ. ವಿಚಾರಣೆಯ ದಿನ ನ್ಯಾಯಾಧೀಶರು ಮಗಳೊಬ್ಬಳನ್ನೇ ಒಳಗೆ ಕರೆದರು. ಬೆಂಚಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅವರು. ಹೊರಬಂದವಳನ್ನು ಏನು ಕೇಳಿದರೆಂದು ವಿಚಾರಿಸಬಾರದು ಎಂದು ವಕೀಲೆ ಮೊದಲೇ ಹೇಳಿದ್ದರು. ವಿಚಾರಿಸಲಿಲ್ಲ.

ಮಗಳು ನನ್ನ ಬಳಿಯೇ ಉಳಿದಳು. ಬಾಕಿ ಕಟ್ಟಲು ಅವರಿಗೆ ಗಡುವು ಸಿಕ್ಕಿತು. ಆದರೆ ಭೇಟಿ ನಿಲ್ಲಲಿಲ್ಲ. ಕೆಲವು ತಿಂಗಳು ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ, ಆಪ್ತ ಸಮಾಲೋಚಕರ ಎದುರು, ಎಂದಾಯಿತು. ಮಗುವಿಗೆ ಅಪ್ಪ ಬೇಕು ಎಂದರು ನ್ಯಾಯಾಧೀಶರು. ಅದು ನನಗೆ ಆ ದಿನ ಸೋಲಿನಂತೆಯೇ ಕಂಡಿತು.

ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಮಗಳ ಅಪ್ಪ ಹಿಂದಿನಿಂದ ಕೇಳಿದರು, "ಅವಳ ಸ್ಕೂಲ್ ಮೀಟಿಂಗ್ ಯಾವತ್ತು?"

ವರ್ಷದ ಮೇಲೆ ನನಗೆ ನೇರವಾಗಿ ಆಡಿದ ಮೊದಲ ಮಾತು. ಹೇಳಲೋ ಬೇಡವೋ ಎಂದು ನಿಂತೆ.

"ಗುರುವಾರ," ಅಂದೆ.

ಬಂದರು. ಟೀಚರ್ ಮಾತಾಡುತ್ತಿದ್ದಷ್ಟು ಹೊತ್ತೂ ಮಗಳು ನಮ್ಮಿಬ್ಬರ ನಡುವಿನ ಕುರ್ಚಿಯಲ್ಲಿ ಕಾಲಾಡಿಸುತ್ತ ಕೂತಿದ್ದಳು.